ಮುಚ್ಚುವ ಮೊದಲು ತಾಯಂದಿರನ್ನು ಕೇಳಿ

ಅಂಗವೈಕಲ್ಯವಿರುವ ಮಕ್ಕಳಿಗೆ ಕುದುರೆ ಸವಾರಿಯ ಮೂಲಕ ಚಿಕಿತ್ಸೆ ಕೊಡುವ ಕೇಂದ್ರವೊಂದನ್ನು ಮುಚ್ಚುವುದು ಬಹಳ ಸುಲಭ. ದೇಣಿಗೆ ಸಾಲದು, ಮೇವಿನ ರೇಟು ಏರಿದೆ, ಜಾಗದ ಗುತ್ತಿಗೆ ಮುಗಿದಿದೆ ಎಂದು ಒಂದು ಸಭೆಯಲ್ಲಿ ತೀರ್ಮಾನವಾದರೆ ಮುಗಿಯಿತು. ಕುದುರೆಗಳು ಮಾರಾಟವಾಗುತ್ತವೆ, ಮಕ್ಕಳ ಮನೆಗೆ ಒಂದು ಫೋನು ಹೋಗುತ್ತದೆ. ಆ ಮಕ್ಕಳ ತಾಯಂದಿರನ್ನು ಮಾತ್ರ ಸಭೆಗೆ ಯಾರೂ ಕರೆದಿರುವುದಿಲ್ಲ. ನನ್ನ ಸಿಟ್ಟು ಇರುವುದು ಅಲ್ಲಿ.

ಇದು ಸಿರಿವಂತರ ಮನೆಯ ಷೋಕಿ ಎಂದು ನಮ್ಮ ಕಡೂರು, ತರೀಕೆರೆ ಕಡೆ ಹೇಳುವವರಿದ್ದಾರೆ. ಅಲ್ಲ. ಕುದುರೆ ನಿಧಾನವಾಗಿ ನಡೆಯುವಾಗ ಅದರ ಬೆನ್ನು ಹಿಂದೆ ಮುಂದೆ, ಅತ್ತಿತ್ತ, ಮೇಲೆ ಕೆಳಗೆ ಆಡುತ್ತದೆ. ನಡೆಯುವ ಮನುಷ್ಯನ ಸೊಂಟ ಆಡುವುದೂ ಹೆಚ್ಚುಕಡಿಮೆ ಹಾಗೆಯೇ. ಸೆರೆಬ್ರಲ್ ಪಾಲ್ಸಿಯಿಂದ ಕಾಲು ಬಿಗಿದುಕೊಂಡ, ತನ್ನಷ್ಟಕ್ಕೆ ಒಂದು ಹೆಜ್ಜೆಯೂ ಇಡದ ಮಗುವಿನ ದೇಹಕ್ಕೆ ನಡಿಗೆಯ ಅನುಭವ ಹೀಗೆ ದಕ್ಕುತ್ತದೆ. ಕುತ್ತಿಗೆ ನಿಲ್ಲಿಸಲು, ಬೆನ್ನು ನೆಟ್ಟಗೆ ಮಾಡಲು ಅದು ತಾನೇ ಪ್ರಯತ್ನಿಸುತ್ತದೆ. ಕಾಯಿಲೆ ಇದರಿಂದ ವಾಸಿಯಾಗುವುದಿಲ್ಲ. ಆದರೆ ಆಸರೆಯಿಲ್ಲದೆ ಕೂತು ಊಟ ಮಾಡುವ ಮಗುವಿಗೂ, ಮಲಗಿಸಿಯೇ ಉಣಿಸಬೇಕಾದ ಮಗುವಿಗೂ ಇರುವ ಅಂತರ ಎಷ್ಟೆಂದು ಹೆತ್ತವರನ್ನು ಕೇಳಿ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್‌ಗೆ ಪೋಲಿಯೊದಿಂದ ಮೊಣಕಾಲಿನ ಕೆಳಗೆ ಸ್ವಾಧೀನವೇ ಇರಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆಯ ಮೇಲೆ ಕೂತೇ ಆಕೆ ಬೆಳ್ಳಿ ಪದಕ ಗೆದ್ದಳು. ಈ ಚಿಕಿತ್ಸೆಯತ್ತ ಜಗತ್ತು ತಿರುಗಿ ನೋಡಿದ್ದು ಆಮೇಲೆ.

ಇಂಥ ಕೆಲಸಕ್ಕೆ ಎಲ್ಲ ಕುದುರೆಗಳೂ ಆಗುವುದಿಲ್ಲ. ಮಗು ಇದ್ದಕ್ಕಿದ್ದಂತೆ ಚೀರಿದರೂ ಬೆದರಬಾರದು, ಒಂದೇ ಪಕ್ಕಕ್ಕೆ ವಾಲಿದರೂ ಓಡಬಾರದು. ಹಗ್ಗ ಹಿಡಿಯಲು ಒಬ್ಬರು, ಮಗುವಿನ ಎರಡೂ ಪಕ್ಕದಲ್ಲಿ ನಡೆಯಲು ಇಬ್ಬರು ಬೇಕಾಗುತ್ತದೆ. ಅವರೆಲ್ಲ ಪಳಗಲು ವರ್ಷಗಳು ಹಿಡಿಯುತ್ತವೆ. ಮುಚ್ಚಿದ ಮೇಲೆ ಒಂದು ದಿನ ಹಣ ಬಂದೀತು. ಆ ಕುದುರೆ ಬರುವುದಿಲ್ಲ, ಆ ಜನ ಬರುವುದಿಲ್ಲ, ಮಗುವಿನ ಬೆಳೆಯುವ ವಯಸ್ಸಂತೂ ಬರುವುದೇ ಇಲ್ಲ.

ಈ ಪಾಠ ಅಜ್ಜಂಪುರದ ಸೀಮೆಗೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ತಲೆಮಾರುಗಳಿಂದ ಆರಿಸಿ ಬೆಳೆಸಿದ ರಾಸುಗಳು, ಅವುಗಳಿಗೆಂದೇ ಬಿಟ್ಟ ಕಾವಲುಗಳು. 1860ರಲ್ಲಿ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸುವ ಹೆಸರಿನಲ್ಲಿ ಇಡೀ ಇಲಾಖೆಯನ್ನೇ ಮುಚ್ಚಿಸಿದ. ಹಿಂಡುಗಳನ್ನು ಮಾರಿದರು, ಎಷ್ಟೋ ರಾಸುಗಳು ಈಜಿಪ್ಟಿನ ಪಾಷಾನ ಪಾಲಾದವು. ಕೆಲವೇ ವರ್ಷಗಳಲ್ಲಿ ಸೈನ್ಯದ ಬಂಡಿ ಎಳೆಯಲು ತಕ್ಕ ಎತ್ತು ಸಿಗದಾಯಿತು. 1866ರಲ್ಲಿ ಅದೇ ಸರ್ಕಾರ, ಅಳಿದುಳಿದ ರಾಸುಗಳನ್ನು ಹುಡುಕಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ಬಂಡಿ ನಿಂತದ್ದಕ್ಕೆ ಅವರಿಗೆ ಬುದ್ಧಿ ಬಂತು. ಮಗುವೊಂದು ಹಾಸಿಗೆ ಹಿಡಿದರೆ ಯಾವ ಸರ್ಕಾರದ ಬಂಡಿಯೂ ನಿಲ್ಲುವುದಿಲ್ಲ, ಅದಕ್ಕೇ ನಮ್ಮ ಕಾಲದವರಿಗೆ ಬುದ್ಧಿ ಬರುತ್ತಿಲ್ಲ.

ಕಾವಲುಗಳ ಗತಿಯನ್ನೂ ನೋಡಿ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಸುಮಾರು 10,000 ಎಕರೆ ಹುಲ್ಲುಗಾವಲನ್ನು ರಕ್ಷಣಾ, ಅಣು ಸಂಸ್ಥೆಗಳಿಗೆ ಬರೆದುಕೊಟ್ಟರು. ದನ, ಕುರಿ ಮೇಯಿಸುತ್ತಿದ್ದ ಜನಕ್ಕೆ ಗೊತ್ತಾಗಿದ್ದು ಬೇಲಿ ಎದ್ದ ಮೇಲೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಣೆಯಾದ್ದರಿಂದ ಅಲ್ಲಿ ಕೃಷ್ಣಮೃಗ ಉಳಿದಿದೆ. ಪ್ರಾಣಿ ಇರುವ ಜಾಗ, ದುಡ್ಡು ಹುಟ್ಟಿಸದ ಜಾಗ, ಯಾರದ್ದೂ ಅಲ್ಲವೆಂದು ಭಾವಿಸುವ ಅಧಿಕಾರಿಗಳಿಗೆ ಮಕ್ಕಳ ಸವಾರಿ ಮೈದಾನವೂ ಹಾಗೆಯೇ ಕಾಣುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪುನರ್ವಸತಿಯ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ, ಸ್ವಯಂಸೇವಾ ಸಂಸ್ಥೆಗಳಿಗೆ ಹಣ ಕೊಡಲು ದಾರಿಯನ್ನೂ ತೆರೆದಿದೆ. ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ಎಂಬ ಷರತ್ತೂ ಅಲ್ಲೇ ಇದೆ. ಆ ಷರತ್ತಿನ ಹಿಂದೆ ಅಡಗಿ ಕೂತವರು ಒಮ್ಮೆ ಬೀರೂರು ಜಂಕ್ಷನ್ನಿಗೆ ಬರಲಿ. ಹತ್ತು ವರ್ಷದ ಮಗನನ್ನು ಸೊಂಟದ ಮೇಲೆ ಹೊತ್ತು ಬೆಂಗಳೂರಿನ ರೈಲು ಹತ್ತುವ ಅವ್ವನ ಎದುರು ನಿಂತು ಮಿತಿಯ ಮಾತಾಡಲಿ.

ಮಕ್ಕಳ ಚಿಕಿತ್ಸಾ ಕೇಂದ್ರ ಯಾವುದೇ ಇರಲಿ, ಮುಚ್ಚುವ ಮೊದಲು ಹೆತ್ತವರನ್ನು ಕೂರಿಸಿಕೊಂಡು ಲೆಕ್ಕದ ಪುಸ್ತಕ ಬಿಚ್ಚಿಡಬೇಕು. ಪಳಗಿದ ಕುದುರೆಗಳು ಇನ್ನೊಂದು ಕೇಂದ್ರಕ್ಕೇ ಹೋಗಬೇಕು, ಹರಾಜಿಗಲ್ಲ. ಪ್ರತಿ ಮಗುವಿನ ಚಿಕಿತ್ಸೆ ಮುಂದೆ ಎಲ್ಲಿ ನಡೆಯುತ್ತದೆಂದು ಬರೆದುಕೊಡಬೇಕು. ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ, ಹುಲ್ಲಿದೆ, ಪ್ರಾಣಿಗಳನ್ನು ಬಲ್ಲ ಜನ ಇದ್ದಾರೆ. ಅಲ್ಲೇ ಒಂದು ಮೂಲೆಯಲ್ಲಿ ಮೂರು ತಾಲ್ಲೂಕಿನ ಮಕ್ಕಳಿಗಾಗಿ ನಾಲ್ಕು ಕುದುರೆ ಕಟ್ಟಲು ಪಶುಸಂಗೋಪನೆ ಮತ್ತು ಆರೋಗ್ಯ ಇಲಾಖೆಗಳು ಒಟ್ಟಿಗೆ ಕೂತು ಮಾತಾಡಲಿ. ಆ ಮಾತುಕತೆ ಈ ವರ್ಷವೇ ಆಗಬೇಕು.