ಹೊಡೆದು ಕಲಿಸುವ ಪಾಠವಲ್ಲ ಇದು



ಇಂದಿನ ವಿಷಯವನ್ನು ಕಂಡು ನಿಮ್ಮಲ್ಲಿ ಕೆಲವರು ಮೂಗು ಮುರಿಯಬಹುದು. ವ್ಯಾಕರಣ, ಹಳೆಯ ಊರು, ಹಳೆಯ ಗೆಳೆಯರೆಂದು ಬರೆದುಕೊಂಡಿದ್ದ ಮಾಸ್ತರರಿಗೆ ಈ ಇಳಿವಯಸ್ಸಿನಲ್ಲಿ ಕೂಸುಗಳ ಕಕ್ಕ-ಉಚ್ಚೆಯ ಉಸಾಬರಿ ಏಕೆ ಎನ್ನಬಹುದು. ನನಗೂ ಹಾಗೆಯೇ ಅನಿಸುತ್ತಿತ್ತು, ಹೋದ ವಾರ ಲಿಂಗಸುಗೂರಿನಿಂದ ಒಬ್ಬ ಹಳೆಯ ಶಿಷ್ಯ ಫೋನು ಮಾಡುವವರೆಗೆ. ಅವನ ಮಗಳಿಗೆ ಎರಡು ವರ್ಷ ಎಂಟು ತಿಂಗಳು.

"ಸರ್, ಡೈಪರ್ ಬಿಡಿಸಿ ಕರಕೊಂಡು ಬರ್ರಿ ಅಂತ ಸಾಲ್ಯಾಗ ಹೇಳ್ಯಾರ್ರಿ. ಇನ್ನ ಮೂರು ವಾರ ಐತಿ. ಮನ್ಯಾಗ ಹೇಳಿ ಹೇಳಿ ಸಾಕಾತು, ಎರಡು ಏಟೂ ಕೊಟ್ಟಾತು. ಈಗ ನಾಲ್ಕು ದಿನ ಆತ್ರಿ, ಕೂಸು ಸಂಡಾಸಕ್ಕ ಹೋಗೇ ಇಲ್ಲ. ಬಾಗಲ ಹಿಂದ ನಿಂತು ಕಾಲು ಬಿಗಿ ಹಿಡೀತೈತ್ರಿ."

"ಮೊದಲ ದವಾಖಾನಿಗೆ ಕರಕೊಂಡು ಹೋಗಪ್ಪ. ಸಾಲಿ ಆಮ್ಯಾಲೆ ನೋಡೋಣು" ಎಂದೆ.

ಫೋನು ಇಟ್ಟ ಮೇಲೆ ಬಹಳ ಹೊತ್ತು ಮನಸ್ಸು ತಿಳಿಯಾಗಲಿಲ್ಲ. ತನ್ನ ಮೈಯೊಳಗಿನ ಸಹಜ ಕ್ರಿಯೆಗೇ ಹೆದರಿ ಬಾಗಿಲ ಹಿಂದೆ ಅವಿತು ನಿಂತ ಆ ಕೂಸಿನ ಚಿತ್ರ ಕಣ್ಣ ಮುಂದಿನಿಂದ ಸರಿಯಲೊಲ್ಲದು. ಆದುದರಿಂದ ಹೇಳಬೇಕಾದುದನ್ನು ನೇರವಾಗಿಯೇ ಹೇಳುತ್ತೇನೆ: ಮಗುವಿಗೆ ಶೌಚ ಕಲಿಸಲು ಹೊಡೆಯುವುದು, ಹೆದರಿಸುವುದು, ನಾಲ್ವರ ಮುಂದೆ ನಾಚಿಕೆಪಡಿಸುವುದು ಶಿಸ್ತೂ ಅಲ್ಲ, ಸಂಸ್ಕಾರವೂ ಅಲ್ಲ, ಅದು ದೊಡ್ಡವರ ಸೋಮಾರಿತನಕ್ಕೆ ಮಗು ತೆರುವ ದಂಡ.

ಸೋಮಾರಿತನ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಎರಡೂವರೆ ವರ್ಷ ಕೂಸಿಗೆ ಹಗಲೂ ರಾತ್ರಿಯೂ ಡೈಪರ್ ಕಟ್ಟಿದವರು ನಾವು. ನಮ್ಮ ರಾಯಚೂರು ಸೀಮೆಯ ಬಿಸಿಲಿನಲ್ಲಿ, ದೊಡ್ಡವರೇ ಅಂಗಿ ಕಳಚಿ ಕೂಡುವ ಏಪ್ರಿಲ್, ಮೇ ತಿಂಗಳಲ್ಲಿಯೂ, ಆ ಚೀಲ ಕೂಸಿನ ಸೊಂಟದಲ್ಲಿತ್ತು. ಒದ್ದೆಯಾದುದು ಅದಕ್ಕೆ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ. ತಿಳಿಯದಂತೆ ಮಾಡುವುದೇ ಆ ವಸ್ತುವಿನ ಕೆಲಸ. ಹೀಗೆ ಎರಡೂವರೆ ವರ್ಷ ತಿಳಿಯಗೊಡದೆ ಇಟ್ಟು, ಒಂದು ಸೋಮವಾರ ಬೆಳಿಗ್ಗೆ ಚೀಲ ಬಿಚ್ಚಿ, "ಮೂರು ವಾರದಲ್ಲಿ ಎಲ್ಲ ಕಲಿ" ಎಂದರೆ ಯಾವ ನ್ಯಾಯ? ವರ್ಷವಿಡೀ ಪಾಠ ಮಾಡದೆ ಪರೀಕ್ಷೆಯ ಮುನ್ನಾದಿನ ಬೆತ್ತ ಹಿಡಿದು ನಿಂತ ಮಾಸ್ತರನನ್ನು ನೀವು ಏನೆನ್ನುವಿರಿ?

ಇನ್ನು ಶಾಲೆಗಳ ಮಾತು. ಸಿಂಧನೂರಾಗಲಿ, ಲಿಂಗಸುಗೂರಾಗಲಿ, ಮಸ್ಕಿಯಾಗಲಿ, ಇಂದು ಓಣಿಗೊಂದು ನರ್ಸರಿ. ಮೂರು ತುಂಬದ ಕೂಸನ್ನು ಶುಲ್ಕ ಪಡೆದು ಸೇರಿಸಿಕೊಳ್ಳಲು ಸಿದ್ಧ, ಆದರೆ ಅದರ ಚಡ್ಡಿ ಬದಲಿಸಲು ಒಬ್ಬ ಆಯಾಳನ್ನು ನೇಮಿಸಲು ಸಿದ್ಧರಿಲ್ಲ ಎನ್ನುವುದಾದರೆ ಅದನ್ನು ಶಾಲೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಎಲ್ಲರೂ ಹಾಗಿಲ್ಲ, ಸದ್ದಿಲ್ಲದೆ ಕೂಸನ್ನು ತೊಳೆದು, ತಲೆ ಸವರಿ ಕೂಡಿಸುವ ಅಂಗನವಾಡಿ ತಾಯಂದಿರನ್ನು ಕಂಡಿದ್ದೇನೆ, ಅವರಿಗೆ ಕೈ ಮುಗಿಯುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆಂದು ಬಂದುದು. ಆರು ವರ್ಷದವನಿಗೆ ಸಲ್ಲದ ಏಟು ಎರಡು ವರ್ಷದವಳಿಗೆ ಸಲ್ಲುವುದೇ? ಇದನ್ನು ಕಾನೂನು ಬಾಯಿಬಿಟ್ಟು ಹೇಳಬೇಕೇ?

ಹಿರಿಯರು ಇಲ್ಲಿ ಗಂಟಲು ಸರಿಮಾಡಿಕೊಳ್ಳುತ್ತಾರೆ: "ನಮ್ಮ ಕಾಲದಾಗ ವರ್ಷ ತುಂಬೂದ್ರಾಗ ಕಲೀತಿದ್ದವು." ಮಾತು ಅರ್ಧ ನಿಜ. ನಮ್ಮ ಅವ್ವಂದಿರು ಕಾಲು ಚಾಚಿ ಕುಳಿತು, ಪಾದಗಳ ನಡುವೆ ಕೂಸನ್ನು ಕೂಡಿಸಿ, "ಸ್ಸ್..." ಎಂದು ಸದ್ದು ಮಾಡುತ್ತಿದ್ದರು. ಕೂಸು ಎದ್ದೊಡನೆ, ಹಾಲು ಕುಡಿದೊಡನೆ, ಮುಖದ ಬಣ್ಣ ಕೊಂಚ ಬದಲಾದೊಡನೆ ಅವರಿಗೆ ಗೊತ್ತಾಗುತ್ತಿತ್ತು. ಪೂರ್ವ ಆಫ್ರಿಕಾದ ಡಿಗೊ ಜನರಲ್ಲಿಯೂ ಇಂಥದೇ ಪದ್ಧತಿಯಿಂದ ಐದಾರು ತಿಂಗಳಲ್ಲೇ ಕೂಸುಗಳು ಸನ್ನೆ ಕಲಿಯುವುದನ್ನು 1977ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಆದರೆ ಅಲ್ಲಿ ಮೊದಲು ಕಲಿತವಳು ತಾಯಿ; ಕೂಸಿನ ಮೈಭಾಷೆಯನ್ನು ಓದಲು ಕಲಿತವಳು ಅವಳು. ಆ ಓದನ್ನು ಬಿಟ್ಟು, "ಬರಿ ಹಾಕ್ತೀನಿ ನೋಡು" ಎಂಬ ಬೆದರಿಕೆಯನ್ನು ಮಾತ್ರ ಪರಂಪರೆಯೆಂದು ಉಳಿಸಿಕೊಂಡವರು ನಾವು.

ಇತ್ತ ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ 1962ರಲ್ಲಿ 1,170 ಮಕ್ಕಳ ಅನುಭವವನ್ನು ಪ್ರಕಟಿಸಿದರು. ಮಗು ಸಿದ್ಧವಾಗುವವರೆಗೆ ಕಾದು, ಒತ್ತಾಯವಿಲ್ಲದೆ ಕಲಿಸಿದಾಗ ಹಗಲಿನ ಹಿಡಿತ ಸರಾಸರಿ 28 ತಿಂಗಳು ದಾಟಿದ ಮೇಲೆ ಬಂದಿತು. ಅದೇ ವೈದ್ಯರು ಮುಂದೆ ಡೈಪರ್ ಕಂಪನಿಯ ಜಾಹೀರಾತಿನಲ್ಲಿಯೂ ಕಾಣಿಸಿಕೊಂಡರು. ಆದುದರಿಂದ "ಎಷ್ಟು ಬೇಕಾದರೂ ಕಾಯಿರಿ" ಎಂಬ ಮಾತನ್ನು ಮಾರುಕಟ್ಟೆಯ ಬಾಯಿಂದ ಕೇಳಿದಾಗ ಒಂದಿಷ್ಟು ಎಚ್ಚರವಿರಲಿ. ಆದರೆ ಬೇಗ ಕಲಿಸುವ ನಮ್ಮ ಅವ್ವನ ದಾರಿಯಲ್ಲಾಗಲಿ, ತಡೆದು ಕಲಿಸುವ ಆ ವೈದ್ಯರ ದಾರಿಯಲ್ಲಾಗಲಿ, ಏಟಿಗೆ ಮಾತ್ರ ಸ್ಥಾನವಿಲ್ಲ.

ಏಟು ಮಾಡುವುದೇನು? ಕೂಸು ಹೆದರಿ ಮಲವನ್ನು ತಡೆಹಿಡಿಯುತ್ತದೆ. ತಡೆದ ಮಲ ಗಟ್ಟಿಯಾಗುತ್ತದೆ. ಗಟ್ಟಿಯಾದುದು ಬರುವಾಗ ನೋಯುತ್ತದೆ. ನೋವಿಗೆ ಹೆದರಿ ಇನ್ನಷ್ಟು ತಡೆಹಿಡಿಯುತ್ತದೆ. ಬಹಳ ದಿನ ಹೀಗಾದರೆ ಅದಕ್ಕೆ ಅರಿವಿಲ್ಲದೆಯೇ ಚಡ್ಡಿಗೆ ಸೋರತೊಡಗುತ್ತದೆ. ಆಗ ಮನೆಯವರು "ಹಠಮಾರಿ" ಎಂದು ಮತ್ತೆರಡು ಬಾರಿಸುತ್ತಾರೆ. ಇದು ಹಠವಲ್ಲ, ಬಾಧೆ.

ನಮ್ಮ ಮನೆಗಳ ಸಂಡಾಸುಗಳನ್ನೂ ಒಮ್ಮೆ ನೋಡಿರಿ. ಗ್ರಾಮೀಣ ಭಾರತವು ಬಯಲು ಶೌಚಮುಕ್ತವೆಂದು 2019ರ ಅಕ್ಟೋಬರ್ 2ರಂದು ಘೋಷಣೆಯಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಾದರೋ ದೇಶದ ಶೇ. 19ರಷ್ಟು ಕುಟುಂಬಗಳು ಯಾವ ಶೌಚಾಲಯವನ್ನೂ ಬಳಸುತ್ತಿಲ್ಲವೆಂದಿತು. ಕಟ್ಟಿದ ಕೋಣೆಯಲ್ಲಿ ಕಟ್ಟಿಗೆ, ಕುಳ್ಳು ತುಂಬಿ, ತಂಬಿಗೆ ಹಿಡಿದು ಕಾಲುವೆಯ ಕಡೆ ನಡೆಯುವ ಅಜ್ಜನನ್ನು ನೋಡುತ್ತ ಬೆಳೆಯುವ ಕೂಸು ಯಾರಿಂದ ಕಲಿಯಬೇಕು? ಬಳಕೆಯಲ್ಲಿದ್ದರೂ ಕತ್ತಲ ಕೋಣೆ, ಅಗಲ ಗುಂಡಿ, ಜಾರುವ ನೆಲ. ಪುಟ್ಟ ಕಾಲಿಗೆ ಅದು ಬಾವಿಯಂತೆ ಕಾಣುತ್ತದೆ. ಇನ್ನೊಂದು ಮೂಢನಂಬಿಕೆ: "ಕೂಸಿನದು ಹೊಲಸಲ್ಲ." ಅದರಲ್ಲಿಯೂ ಭೇದಿ ಹರಡುವ ರೋಗಾಣುಗಳಿರುತ್ತವೆ. ಅದನ್ನು ಗಟಾರಕ್ಕೆ ಚೆಲ್ಲದೆ ಸಂಡಾಸಕ್ಕೇ ಹಾಕಬೇಕು, ಕೂಸಿನ ಕೈಯನ್ನೂ ನಮ್ಮ ಕೈಯನ್ನೂ ಸಾಬೂನಿನಿಂದ ತೊಳೆಯಬೇಕು.

ಇಷ್ಟು ಬೈದ ಮೇಲೆ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. 1980ರ ದಶಕ, ಮಸ್ಕಿ ಇನ್ನೂ ಲಿಂಗಸುಗೂರು ತಾಲ್ಲೂಕಿನಲ್ಲಿದ್ದ ಕಾಲ. ಅದರ ಸಮೀಪದ ಒಂದು ಹಳ್ಳಿಯಲ್ಲಿ ನಾನು ಒಂದನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗ ಮೂರು ಸಲ ಕಿರುಬೆರಳು ಎತ್ತಿದ. "ಮಗ್ಗಿ ಮುಗಿಸಿ ಹೋಗು" ಎಂದೆ. ಮಗ್ಗಿ ಮುಗಿಯುವ ಮೊದಲೇ ಅವನ ಕಾಲ ಕೆಳಗಿನ ನೆಲ ಒದ್ದೆಯಾಯಿತು. ತರಗತಿ ನಕ್ಕಿತು. ನಾನು ನಗಲಿಲ್ಲ; ಆದರೆ ನಗುವವರನ್ನು ತಡೆಯಲೂ ಇಲ್ಲ. ಅವನು ಎಂಟು ದಿನ ಶಾಲೆಗೆ ಬರಲಿಲ್ಲ. ಬಂದ ಮೇಲೆ ಬೆರಳೆತ್ತುವುದನ್ನೇ ಬಿಟ್ಟ, ಬಾಯಾರಿದರೂ ನೀರು ಕುಡಿಯುವುದನ್ನೂ ಬಿಟ್ಟ. ಇಷ್ಟು ವರ್ಷಗಳ ಮೇಲೆಯೂ ಆ ಮುಖ ನನಗೆ ನೆನಪಿದೆ. ಅವನು ಇದನ್ನು ಓದುತ್ತಿದ್ದರೆ, ಅಪ್ಪಾ, ಕ್ಷಮಿಸು.

ಹಾಗಾದರೆ ಮಾಡಬೇಕಾದುದೇನು? ಕೂಸು ಒಂದೆರಡು ತಾಸು ಒಣಗಿರಬಲ್ಲದೇ, ಒದ್ದೆಯಾದುದನ್ನು ಸನ್ನೆಯಿಂದಲಾದರೂ ಹೇಳುವುದೇ, ಕುಳಿತು ಏಳಬಲ್ಲದೇ ನೋಡಿರಿ. ಊಟವಾದ ಸ್ವಲ್ಪ ಹೊತ್ತಿಗೆ ಕರುಳು ತಾನಾಗಿ ಚಲಿಸುತ್ತದೆ; ಆಗ ಕಾಲು ನೆಲಕ್ಕೆ ತಾಗುವಂತೆ ಐದು ನಿಮಿಷ ಕೂಡಿಸಿರಿ. ಬಂದರೆ ಮೆಚ್ಚಿರಿ, ಬಾರದಿದ್ದರೆ ಎಬ್ಬಿಸಿರಿ. ಬಿಸ್ಕತ್ತು ಕಡಿಮೆ ಮಾಡಿ, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಕಾಯಿಪಲ್ಯೆ, ಹಣ್ಣು, ನೀರು ಕೊಡಿರಿ. ರಾತ್ರಿಯ ಹಿಡಿತ ತಡವಾಗಿ ಬರುತ್ತದೆ; ಐದು ವರ್ಷದವರೆಗೆ ಹಾಸಿಗೆ ಒದ್ದೆಯಾದರೆ ಗಾಬರಿ ಬೇಡ. ಇದು ತಾಯಿಯೊಬ್ಬಳ ಕೆಲಸವೂ ಅಲ್ಲ. ಮೊಬೈಲು ಹಿಡಿದು ಪಡಸಾಲೆಯಲ್ಲಿ ಕುಳಿತ ತಂದೆಗೂ ಎರಡು ಕೈಗಳಿವೆ.

1915ರಲ್ಲಿ ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನ ದೊರೆಯಿತೆಂದು ನಿಮಗೆಲ್ಲ ಪಾಠ ಮಾಡಿದ್ದೆ. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬುದು ಅದರ ತಾತ್ಪರ್ಯ. ನಮ್ಮ ಮನೆಯ ಅತಿ ಸಣ್ಣವರಿಗೆ ಆ ಮರ್ಯಾದೆ ಸಲ್ಲಲಿ.

ನಿನ್ನೆ ಮತ್ತೆ ಲಿಂಗಸುಗೂರಿನಿಂದ ಫೋನು ಬಂದಿತ್ತು. ವೈದ್ಯರು ಔಷಧ ಕೊಟ್ಟಿದ್ದಾರೆ, ಕೂಸು ಹಗುರಾಗಿದೆ. ಶಾಲೆಯನ್ನು ಮುಂದಿನ ವರ್ಷಕ್ಕೆ ಬಿಟ್ಟಿದ್ದಾರೆ. "ಹೊಡಿಯೂದು ಬಿಟ್ಟೀವ್ರಿ ಸರ್" ಎಂದ. ಅಷ್ಟು ಸಾಕು.

ನಿಮ್ಮ ಮಾಸ್ತರ