ಏಕನಾಯಕನ ಬೇರು ಮತ್ತು ನಮ್ಮ ವಿವೇಕ

ಸಹ್ಯಾದ್ರಿಯ ಕಾಡುಗಳ ನೆರಳಿನಲ್ಲಿ ಮೆಲ್ಲನೆ ಬೆಳೆಯುವ ಹಂಬು ಏಕನಾಯಕ. ಬೇರನ್ನು ಅಡ್ಡ ಕೊಯ್ದರೆ ಚಕ್ರದಂತಹ ಸುತ್ತುಗಳು ಕಾಣುವುದರಿಂದ ಸಪ್ತಚಕ್ರವೆಂಬ ಹೆಸರೂ ಇದಕ್ಕಿದೆ. ಸಕ್ಕರೆ ಕಾಯಿಲೆಗೆ ಈ ಬೇರಿನ ಕಷಾಯ ಕುಡಿಯುವ ರೂಢಿ ಹಳೆಯದು. ಶ್ರೀಲಂಕಾದಲ್ಲಿ ಇದೇ ಕುಲದ ಸಸ್ಯದ ಕಾಂಡದಿಂದ ಲೋಟ ಕಡೆದು, ಅದರಲ್ಲಿಟ್ಟ ನೀರನ್ನು ಕುಡಿಯುತ್ತಾರೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಇಷ್ಟೊಂದು ಜನರ ಕಾಯಿಲೆಯ ಭಾರವನ್ನು ಒಂದು ಕಾಡುಹಂಬಿನ ಬೇರು ಹೊರಬಲ್ಲುದೇ?

ಬೇರಿನಲ್ಲಿ ಗುಣವಿಲ್ಲವೆಂದು ನಾವು ಹೇಳುತ್ತಿಲ್ಲ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಈ ಕುಲದ ಸಸ್ಯದಿಂದ ಸಲಾಸಿನಾಲ್ ಎಂಬ ಅಂಶವನ್ನು ಬೇರ್ಪಡಿಸಿದರು. ಕರುಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ. ಊಟದ ನಂತರ ರಕ್ತದಲ್ಲಿ ಸಕ್ಕರೆ ಏರುವ ವೇಗ ತಗ್ಗುತ್ತದೆ. ಆದರೆ ಅದು ಇನ್ಸುಲಿನ್ನಿನ ಸ್ಥಾನವನ್ನು ತುಂಬಲಾರದು. ಕಷಾಯವನ್ನು ನಂಬಿ ಇನ್ಸುಲಿನ್ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಮಾತ್ರೆಯ ಜೊತೆಗೆ ಗಿಡಮೂಲಿಕೆ ಸೇವಿಸುವಾಗ ಸಕ್ಕರೆಯ ಪ್ರಮಾಣ ಅತಿಯಾಗಿ ಕುಸಿದು ಬೆವರು, ನಡುಕ, ತಲೆಸುತ್ತು ಬರಲೂಬಹುದು. ಆದ್ದರಿಂದ ಕುಡಿಯುವುದೇನೆಂಬುದನ್ನು ವೈದ್ಯರಿಂದ ಮುಚ್ಚಿಡಬಾರದು, ರಕ್ತಪರೀಕ್ಷೆಯನ್ನು ತಪ್ಪಿಸಬಾರದು. ಬೆಲ್ಲ ಹಾಕಿದ ಕಷಾಯವೂ ಸಕ್ಕರೆಯೇ ಎಂಬುದನ್ನು ಮರೆಯಬಾರದು.

ಸಸ್ಯಮೂಲ ಮತ್ತು ಆಧುನಿಕ ಔಷಧಿಗಳು ಪರಸ್ಪರ ಶತ್ರುಗಳಲ್ಲ. ಇಂದು ಕೋಟ್ಯಂತರ ಜನ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಹಿಂದೆ ಗಲೇಗಾ ಎಂಬ ಯುರೋಪಿನ ಕಳೆಗಿಡದ ಕಥೆಯಿದೆ. ಆ ಗಿಡದ ಅಂಶದ ಅಧ್ಯಯನ ಮುಂದುವರಿದು, 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಈ ಔಷಧಿಯನ್ನು ಮಧುಮೇಹಿಗಳಿಗೆ ನೀಡಿದ ಫಲಿತಾಂಶ ಪ್ರಕಟಿಸಿದರು. ಮಾತ್ರೆ ಕಾರ್ಖಾನೆಯಲ್ಲಿ ತಯಾರಾಗುವುದರಿಂದ ಗಲೇಗಾ ಗಿಡವನ್ನು ಯಾರೂ ಕೀಳಬೇಕಾಗಿಲ್ಲ.

ಏಕನಾಯಕನ ಪಾಡು ಹಾಗಲ್ಲ. ಎಲೆ ಚಿವುಟಿದರೆ ಗಿಡ ಮತ್ತೆ ಚಿಗುರುತ್ತದೆ. ಬೇರನ್ನೇ ಅಗೆದರೆ ಆ ಗಿಡವೂ ಇಲ್ಲ, ಮುಂದಿನ ವರ್ಷದ ಬೀಜವೂ ಇಲ್ಲ. ಮಧುಮೇಹಕ್ಕೆಂದೇ ಬಳಕೆಯಾಗುವ ಮರದರಿಶಿನವೂ ಇದೇ ದಾರಿ ಹಿಡಿದು ಪಶ್ಚಿಮಘಟ್ಟದಲ್ಲಿ ಅಳಿವಿನಂಚಿಗೆ ಬಂದಿದೆ. ಕಾಂಡ ಕಡಿದವರಿಗೆ ಒಂದು ದಿನದ ಕೂಲಿ. ಕಾಡಿಗೆ ಹಲವು ದಶಕಗಳ ನಷ್ಟ.

ಹಾಗಾದರೆ ಮಾಡಬೇಕಾದುದೇನು? ಗಿಡಮೂಲಿಕೆಯ ನೆರವು ಬೇಕೆನ್ನುವವರು ವೈದ್ಯರ ಸಲಹೆಯಂತೆ ಹಿತ್ತಿಲಿನ ಮಧುನಾಶಿನಿಯ ಎಲೆಯನ್ನು, ಅಡಿಗೆಮನೆಯ ಮೆಂತ್ಯವನ್ನು ಬಳಸಲಿ. ಮೆಂತ್ಯದ ನಾರಿನಂಶವೂ ಕರುಳಿನಲ್ಲಿ ಸಕ್ಕರೆ ಹೀರಿಕೆಯನ್ನು ನಿಧಾನಿಸುತ್ತದೆ; ಅದಕ್ಕಾಗಿ ಕಾಡಿಗೆ ಗುದ್ದಲಿ ಒಯ್ಯಬೇಕಿಲ್ಲ. ಏಕನಾಯಕದ ಬೀಜದಿಂದ ಸಸಿ ಎಬ್ಬಿಸಿ ಬೆಟ್ಟದಲ್ಲಿ ನೆಡುವ ಕೆಲಸ ಊರೂರಿನಲ್ಲಿ ಆರಂಭವಾಗಲಿ. 2002ರ ಜೀವವೈವಿಧ್ಯ ಕಾಯಿದೆಯನ್ವಯ ಪಂಚಾಯಿತಿಗಳಲ್ಲಿ ರಚನೆಯಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಬೇರಿನ ವ್ಯಾಪಾರದ ಮೇಲೆ ಕಣ್ಣಿಡಲಿ. ವಿದ್ಯಾರ್ಥಿಗಳು ತಮ್ಮೂರಿನ ಔಷಧೀಯ ಸಸ್ಯಗಳನ್ನು ದಾಖಲಿಸಲಿ; ಆದರೆ ಅಪರೂಪದ ಗಿಡವಿರುವ ಜಾಗವನ್ನು ಬಹಿರಂಗಪಡಿಸದಿರಲಿ. ಆ ಮಾಹಿತಿ ಮೊದಲು ತಲುಪುವುದು ಬೇರು ಅಗೆಯುವವರಿಗೆ.

ಸಕ್ಕರೆ ಕಾಯಿಲೆ ಜೀವನಪರ್ಯಂತ ಜೊತೆಗಿರುವಂಥದು. ಅದಕ್ಕೆ ನೆರವಾಗುವ ಗಿಡವೂ ಅಷ್ಟು ಕಾಲ ಉಳಿದಿರಬೇಕಲ್ಲವೇ?