ಕಿವಿಯೇ ಗುರು

ಪಾವಗಡದ ಹುಡುಗನು ಶಾಲೆಯಲ್ಲಿ ಕನ್ನಡವನ್ನು ಓದುತ್ತಾನೆ. ಬೀದಿಯಲ್ಲಿ ತೆಲುಗಿನಲ್ಲಿ ಹರಟುತ್ತಾನೆ. ಬಹುಪಾಲು ಆಂಧ್ರದ ನೆಲದಿಂದಲೇ ಸುತ್ತುವರಿದ ಆ ತಾಲ್ಲೂಕಿನಲ್ಲಿ ಇದೇನೂ ಸೋಜಿಗವಲ್ಲ. ತೆಲುಗಿನ ವ್ಯಾಕರಣವನ್ನು ಅವನು ಕಣ್ಣಿನಿಂದಲೂ ಕಂಡವನಲ್ಲ. ಆದರೂ ಮಾತು ತಡವರಿಸುವುದಿಲ್ಲ. ಕಿವಿಯೇ ಅವನ ಗುರು.

ನೆರೆಯ ಶಿರಾ 1687ರಲ್ಲಿ ಮೊಗಲರ ವಶವಾಗಿ ಸುಬೆಯ ಕೇಂದ್ರವಾದಾಗ ಕಚೇರಿಗಳಿಗೆ ಪಾರಸಿ ಬಂದಿತು. ಜಮೀನು, ಗುಮಾಸ್ತ, ದಫ್ತರ ಮೊದಲಾದ ಮಾತುಗಳು ಇಂಥ ಕಚೇರಿಗಳ ಬಾಗಿಲಿನಿಂದಲೇ ಕನ್ನಡಿಗರ ಕಿವಿಗೆ ಬಿದ್ದು ಮನೆಮಾತಾದವು. ಹೊಲದ ರೈತನು ಅವನ್ನು ಯಾವ ನಿಘಂಟಿನಿಂದ ಕಲಿತನು?

ಆದರೆ ಏಳು ಸಮುದ್ರದಾಚೆಯ ಭಾಷೆಗೆ ಇಂಥ ನೆರೆಹೊರೆ ಎಲ್ಲಿಂದ ಬರಬೇಕು? ಮಧುಗಿರಿಯ ಅಥವಾ ಕೊರಟಗೆರೆಯ ಒಬ್ಬ ಶುಶ್ರೂಷಾ ವಿದ್ಯಾರ್ಥಿನಿ ಜರ್ಮನಿಯಲ್ಲಿ ಉದ್ಯೋಗವನ್ನು ಬಯಸಿದಳೆನ್ನಿ. ಅಲ್ಲಿ ದಾದಿಯಾಗಲು ಸಾಮಾನ್ಯವಾಗಿ ಬಿ-2 ಮಟ್ಟದ ಜರ್ಮನ್ ಬೇಕು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನವೋ ಸುಮಾರು ನೂರು ಕಿಲೋಮೀಟರ್ ದೂರ. ಅವಳ ಕೈಹಿಡಿಯುವುದು 2004ರಲ್ಲಿ ಹೆಸರು ಪಡೆದ ಪಾಡ್‌ಕಾಸ್ಟ್. ಬಾನುಲಿಯ ಪಾಠಕ್ಕೆ ಕೇಳುಗರು ಕಾಯಬೇಕಾಗಿತ್ತು. ಈ ಪಾಠವು ಕೇಳುಗರಿಗಾಗಿ ಕಾಯುತ್ತದೆ. ಡಾಯ್ಚೆ ವೆಲ್ಲೆಯವರ ‘ರೇಡಿಯೋ ಡಿ’ ಎಂಬ ಪಾಠಮಾಲೆಯಂತೂ ಪತ್ರಕರ್ತರಿಬ್ಬರ ಸಾಹಸಗಳ ಧಾರಾವಾಹಿಯೇ ಸರಿ!

ಪುಸ್ತಕವೊಂದೇ ಏಕೆ ಸಾಲದು? ಜರ್ಮನ್ನಿನಲ್ಲಿ ‘ಅದುಮು’, ‘ಅಚ್ಚುಮಾಡು’ ಎಂಬ ಎರಡು ಕ್ರಿಯಾಪದಗಳಿಗೆ ಒಂದು ಸ್ವರದಷ್ಟೇ ಭೇದ. ಕನ್ನಡದಲ್ಲಿ ಎರಡನ್ನೂ ‘ಡ್ರುಕೆನ್’ ಎಂದೇ ಬರೆಯಬೇಕಾದೀತು. ಮೊದಲನೆಯದಕ್ಕೆ ನಾಲಿಗೆಯನ್ನು ‘ಇ’ಕಾರದಲ್ಲಿರಿಸಿ ತುಟಿಗಳನ್ನು ‘ಉ’ಕಾರಕ್ಕೆ ದುಂಡಗಾಗಿಸಬೇಕು. ಇದನ್ನು ಲಿಪಿಯು ತೋರಿಸಲಾರದು; ಕಿವಿಯು ಹಿಡಿಯಬಲ್ಲದು. ಎದೆ ಅದುಮಿದಂತಾಗುತ್ತಿದೆಯೆಂದು ರೋಗಿಯು ನರಳುವಾಗ ದಾದಿಗೆ ಅರ್ಥವಾಗದಿದ್ದರೆ ಗತಿಯೇನು?

ಹಾಗೆಂದು ಬಸ್ಸಿನಲ್ಲಿ ಕುಳಿತು ಗಂಟೆಗಟ್ಟಲೆ ಕೇಳಿದ ಮಾತ್ರಕ್ಕೆ ಭಾಷೆ ಬಂದೀತೆ? ಸಂಗೀತವನ್ನು ಕೇಳಿದವರೆಲ್ಲ ಗಾಯಕರಾಗಲಿಲ್ಲ. ಒಂದು ವಾಕ್ಯವನ್ನು ಕೇಳಬೇಕು, ನಿಲ್ಲಿಸಬೇಕು, ಗಟ್ಟಿಯಾಗಿ ಹೇಳಬೇಕು. ಮರುದಿನ ಅದೇ ಪಾಠಕ್ಕೆ ಮರಳಬೇಕು. ದಿನಕ್ಕೆ ಕಾಲು ಗಂಟೆಯಾದರೂ ಸರಿಯೆ, ತಪ್ಪಬಾರದು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಪಾವಗಡದ ಹುಡುಗನು ತಪ್ಪಾಡಿದಾಗ ಗೆಳೆಯರು ನಕ್ಕರು, ನಕ್ಕು ತಿದ್ದಿದರು. ಮೊಬೈಲಿನ ಪಾಠಕ್ಕೆ ನಗಲು ಬಾರದು. ಆದ್ದರಿಂದ ಕಲಿಯುವವರು ಒಬ್ಬ ಜೊತೆಗಾರರನ್ನು ಹುಡುಕಿಕೊಳ್ಳುವುದು ಲೇಸು. ಮನೆಯವರೂ ಮಗಳ ವಿಚಿತ್ರ ಉಚ್ಚಾರಣೆಯನ್ನು ಕೇಳಿ ನಗಲಿ. ಆದರೆ ಅವಳು ನಾಚಿ ಬಾಯಿ ಮುಚ್ಚುವಂತೆ ಮಾತ್ರ ನಗದಿರಲಿ. ಮಾತು ಕಲಿಯುವವರಿಗೆ ತಪ್ಪಾಡುವ ಧೈರ್ಯಕ್ಕಿಂತ ದೊಡ್ಡ ಬಂಡವಾಳವಿಲ್ಲ.